ಮುಂದಿನ ಸೈಕಲ್ಲಿನ ಹಿಂದಿನ ಚಕ್ರ

ಕೊಡಗಿನ ಕುಟ್ಟದಲ್ಲಿ ಸೈಕಲ್ ತುಳಿಯುವವನ ಮುಂದೆ ಮೂರು ದಾರಿಗಳಿವೆ. ಹುಣಸೂರಿನ ಕಡೆಯದು ನಾಗರಹೊಳೆ ಕಾಡನ್ನು ಸೀಳಿಕೊಂಡು ಹೋಗುತ್ತದೆ. ಸಂಜೆ 6ಕ್ಕೆ ಮುಚ್ಚಿದ ಗೇಟು ಮತ್ತೆ ತೆರೆಯುವುದು ಬೆಳಿಗ್ಗೆ 6ಕ್ಕೆ. ಅದು ಆನೆ, ಹುಲಿ, ಕಾಟಿಗಳ ಸೀಮೆ, ಸೈಕಲ್ಲಿನವನಿಗೆ ಅಲ್ಲಿ ಕೆಲಸವಿಲ್ಲ. ಎರಡನೆಯದು ತೋಲ್ಪೆಟ್ಟಿಯ ಗಡಿ ದಾಟಿ ಮಾನಂತವಾಡಿಗೆ ಹೋಗುತ್ತದೆ. ಅಲ್ಲೂ ವಯನಾಡು ವನ್ಯಧಾಮದ ಮರಗಳು ರಸ್ತೆಯ ಅಂಚಿನವರೆಗೆ ಬಂದು ನಿಂತಿವೆ. ಉಳಿದದ್ದು ಶ್ರೀಮಂಗಲ, ಹುದಿಕೇರಿ, ಪೊನ್ನಂಪೇಟೆಗಳನ್ನು ಹಾದು ಗೋಣಿಕೊಪ್ಪ ಸೇರುವ ದಾರಿ. ನನ್ನ ಕಾಲಿಗೆ ಪಾಠ ಹೇಳಿದ್ದು ಈ ಮೂರನೆಯದು.

ಇಲ್ಲಿ ದೊಡ್ಡ ಘಾಟಿ ಇಲ್ಲ. ಆದರೆ ಸಮತಟ್ಟು ಎಂದು ನೆಮ್ಮದಿಯಿಂದ ಕೂರಲು ಬಿಡುವ ಜಾಗವೂ ಹೆಚ್ಚಿಲ್ಲ. ಒಂದು ಏರು ಮುಗಿಯಿತು ಎನ್ನುವಷ್ಟರಲ್ಲಿ ಇಳಿಜಾರು, ಇಳಿಜಾರಿನ ಬುಡದಲ್ಲಿ ತಿರುವು, ತಿರುವಿನಾಚೆ ಮತ್ತೆ ಏರು. ಎರಡೂ ಬದಿಗೆ ರೊಬಸ್ಟಾ ತೋಟ, ಸಿಲ್ವರ್ ಓಕ್ ಮರಗಳನ್ನು ತಬ್ಬಿದ ಮೆಣಸಿನ ಬಳ್ಳಿ. ಗದ್ದೆಬಯಲು ಸಿಕ್ಕ ಕಡೆಗಳಲ್ಲಿ ಮಾತ್ರ ಆಕಾಶ ಪೂರ್ತಿ ಕಾಣುತ್ತದೆ, ಆ ಬಯಲಿನ ಮೇಲೆ ಬೆಳಗಿನ ಮಂಜು ಒಂಬತ್ತು ಗಂಟೆಯವರೆಗೂ ಏಳುವುದಿಲ್ಲ. ಕಾಫಿ ಹೂವು ಬಿಟ್ಟ ವಾರದಲ್ಲಿ ಏರು ಹತ್ತುತ್ತಾ ಏದುಸಿರು ಬಿಡುವವನಿಗೆ ಸಿಗುವ ಸುಖ ಕಾರಿನಲ್ಲಿ ಗಾಜು ಇಳಿಸಿಕೊಂಡು ಹೋಗುವವನಿಗೆ ಸಿಗುವುದಿಲ್ಲ. ಆ ಪರಿಮಳವನ್ನು ಎದೆಯ ತಳದವರೆಗೆ ಎಳೆದುಕೊಳ್ಳುವವನು ಸೈಕಲ್ಲಿನವನೇ. ಜೂನ್ ಬಂದರೆ ಬೇರೆ ಕಥೆ. ಬ್ರಹ್ಮಗಿರಿಯಿಂದ ಇಳಿದು ಬರುವ ಮಳೆ ಸೆಪ್ಟೆಂಬರ್‌ವರೆಗೆ ರಸ್ತೆಯನ್ನು ತನ್ನದೇ ಮಾಡಿಕೊಳ್ಳುತ್ತದೆ. ಹಾವಸೆ ಕಟ್ಟಿದ ತಿರುವುಗಳಲ್ಲಿ ತೆಳ್ಳನೆಯ ಟೈರು ನಿಲ್ಲುವುದಿಲ್ಲ.

ಬಯಲುಸೀಮೆಯ ಊರುಗಳಲ್ಲಿ ಗಂಟೆಯ ಲೆಕ್ಕಕ್ಕೆ ಬಾಡಿಗೆ ಸೈಕಲ್ ತಂದು ಬಿದ್ದು ಎದ್ದು ಕಲಿಯುವುದು ಬಾಲ್ಯದ ಭಾಗವೇ ಆಗಿತ್ತು. ನಮ್ಮಲ್ಲಿ ಅಷ್ಟರಮಟ್ಟಿಗೆ ಸೈಕಲ್ ಬಳಕೆ ಬೆಳೆಯಲಿಲ್ಲ. ತೋಟದ ಕಡಿದಾದ ದಾರಿಗೆ ಕಾಲು, ದೂರದ ದಾರಿಗೆ ಬಸ್ಸು, ಅನುಕೂಲ ಇದ್ದವರಿಗೆ ಜೀಪು. ಹಾಗಾಗಿ ಹೆಲ್ಮೆಟ್ ತೊಟ್ಟು, ಬಾಗಿದ ಹ್ಯಾಂಡಲ್ಲಿನ ಸೈಕಲ್ ಹತ್ತಿ ಹೊರಟವನನ್ನು ಕುಟ್ಟದ ಚಹಾ ಅಂಗಡಿಯಲ್ಲಿ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: “ಎಲ್ಲಿಗೆ?” ಎಲ್ಲಿಗೂ ಇಲ್ಲ, ಹೋಗಿ ಬರುವುದು ಎಂಬ ಉತ್ತರ ಯಾರಿಗೂ ಸಮಾಧಾನ ಕೊಡುತ್ತಿರಲಿಲ್ಲ. “ರೇಸಿಗೆ ತಯಾರಿ” ಎಂದು ಹೇಳತೊಡಗಿದ ಮೇಲೆ ಎಲ್ಲ ಸರಿಹೋಯಿತು. ಕೊಡಗಿನವರಿಗೆ ಪಂದ್ಯ ಅರ್ಥವಾಗುತ್ತದೆ. “ಹಾಗಾದರೆ ಬೇಗ ಹೋಗಣ್ಣ, ಇಲ್ಯಾಕೆ ನಿಂತಿದ್ದೀರಿ?” ಎಂದು ಅಂಗಡಿಯ ಹುಡುಗನೇ ಅಟ್ಟಿಬಿಡುತ್ತಿದ್ದ.

ಒಬ್ಬನೇ ತುಳಿಯುವುದಕ್ಕೆ ಅದರದೇ ಆದ ಸೊಗಸಿದೆ, ನಿಜ. ಆದರೆ ಒಬ್ಬನೇ ತುಳಿಯುವವನಿಗೆ ಗಡಿಯಾರವೊಂದೇ ಎದುರಾಳಿ, ಗಡಿಯಾರಕ್ಕೆ ದಣಿವು ಎಂಬುದಿಲ್ಲ. ಅದು ಪಕ್ಕಕ್ಕೆ ಬಂದು ಮುಖ ನೋಡುವುದಿಲ್ಲ, ಏರಿನ ನಡುವೆ ಇದ್ದಕ್ಕಿದ್ದಂತೆ ವೇಗ ಹೆಚ್ಚಿಸಿ ಕೆಣಕುವುದಿಲ್ಲ. ಮನುಷ್ಯರ ಜೊತೆ ಓಡಿದಾಗ ಮಾತ್ರ ಗೊತ್ತಾಗುವ ಸಂಗತಿಗಳಿವೆ. ಸೈಕಲ್ ರೇಸಿನಲ್ಲಂತೂ ಅವೇ ಹೆಚ್ಚು.

ರಸ್ತೆಯ ಮೇಲೆ ಸೈಕಲ್ ರೇಸ್ ನಡೆಸುವುದು ಹಳೆಯ ಹುಚ್ಚು. 1869ರ ನವೆಂಬರ್‌ನಲ್ಲಿ ಪ್ಯಾರಿಸ್ಸಿನಿಂದ ರೂವಾಂವರೆಗೆ 123 ಕಿಲೋಮೀಟರ್ ದೂರ ಓಡಿಸಿದ್ದು ದೂರದ ಊರಿನಿಂದ ಊರಿಗೆ ನಡೆದ ಮೊದಲ ರೇಸ್ ಎನ್ನುತ್ತಾರೆ. ಗೆದ್ದ ಜೇಮ್ಸ್ ಮೂರ್‌ಗೆ ಹತ್ತು ಗಂಟೆಗೂ ಹೆಚ್ಚು ಸಮಯ ಹಿಡಿಯಿತು. ಆ ಕಾಲದ ಸೈಕಲ್ಲಿಗೆ ಚೈನೂ ಇರಲಿಲ್ಲ, ಗಾಳಿ ತುಂಬುವ ಟೈರೂ ಇರಲಿಲ್ಲ. ಪೆಡಲು ನೇರವಾಗಿ ಮುಂದಿನ ಚಕ್ರಕ್ಕೆ ಕೂತಿರುತ್ತಿತ್ತು. ನಮ್ಮ ರಾಜ್ಯದಲ್ಲಿ ಈ ಆಟದ ತವರು ವಿಜಯಪುರ, ಬಾಗಲಕೋಟೆ ಕಡೆ. ಅಲ್ಲಿನ ಕ್ರೀಡಾನಿಲಯಗಳಿಂದ ಹೊರಟ ರೈತರ ಮಕ್ಕಳು, ಹುಡುಗಿಯರೂ ಸೇರಿ, ರಾಷ್ಟ್ರಮಟ್ಟದಲ್ಲಿ ಪದಕ ತಂದವರು. ಬೆಂಗಳೂರಿನಲ್ಲಿ ಹವ್ಯಾಸಿಗಳೇ ಸೇರಿ ಕಟ್ಟಿಕೊಂಡ ಬಿಬಿಸಿಎಚ್ ಸ್ಪರ್ಧೆಗಳಿವೆ. ಕೆಲಸ, ಸಂಸಾರ ಎರಡನ್ನೂ ಹೊತ್ತವರು ಭಾನುವಾರ ಬೆಳಿಗ್ಗೆ ಬಂದು ಓಡಿ ಹೋಗುವ ಸ್ಪರ್ಧೆಗಳು. 2008ರ ಡಿಸೆಂಬರ್‌ನಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್ ಕರ್ನಾಟಕ, ಕೇರಳ, ತಮಿಳುನಾಡುಗಳ ಬೆಟ್ಟಸಾಲನ್ನು ದಿನಗಟ್ಟಲೆ ಸುತ್ತುತ್ತದೆ. ಮೊದಲು ಬರೀ ಪ್ರವಾಸವಾಗಿದ್ದದ್ದು, ಆಮೇಲೆ ಅದರಲ್ಲೂ ಸಮಯ ಅಳೆಯುವ ಸ್ಪರ್ಧಾ ಭಾಗಗಳು ಬಂದವು. ಮಸಿನಗುಡಿಯಿಂದ ಊಟಿಗೆ ಏರುವ ಕಲ್ಲಹಟ್ಟಿ ಘಾಟಿಯ 36 ಹೇರ್‌ಪಿನ್ ತಿರುವುಗಳನ್ನು ಹತ್ತಿದವರು ಆ ಸಂಖ್ಯೆಯನ್ನು ಜೀವಮಾನದಲ್ಲಿ ಮರೆಯುವುದಿಲ್ಲ.

ನಾನು ಓಡಿದ್ದು ದೇವನಹಳ್ಳಿಯಾಚೆ, ದ್ರಾಕ್ಷಿ ತೋಟಗಳ ನಡುವಿನ ರಸ್ತೆಯಲ್ಲಿ ನಡೆದ ಹವ್ಯಾಸಿಗಳ ರೇಸಿನಲ್ಲಿ. ನಲವತ್ತು ದಾಟಿದವರ ವಿಭಾಗ ನಮ್ಮದು, ಕಿರಿಯರ ಒಂದು ಗುಂಪನ್ನೂ ನಮ್ಮೊಂದಿಗೇ ಸೇರಿಸಿದ್ದರು. ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಗಾಳಿಯಲ್ಲಿ ನೋವಿನ ಮುಲಾಮಿನ ವಾಸನೆ, ಚೈನಿನ ಎಣ್ಣೆಯ ವಾಸನೆ, ಯಾರೋ ಸುಲಿದ ಬಾಳೆಹಣ್ಣಿನ ವಾಸನೆ. ಬ್ಯಾಂಕಿನವರು, ಡಾಕ್ಟರರು, ಕಂಪ್ಯೂಟರ್ ಕೆಲಸದವರು, ಒಬ್ಬ ಶಾಲೆಯ ಪಿ.ಟಿ. ಮೇಷ್ಟ್ರು, ಸೈಕಲ್ ಅಂಗಡಿಯ ಮೆಕ್ಯಾನಿಕ್ ಒಬ್ಬ. ಲಕ್ಷಗಟ್ಟಲೆ ಬೆಲೆಯ ಕಾರ್ಬನ್ ಸೈಕಲ್ಲುಗಳ ಪಕ್ಕದಲ್ಲೇ ಬಣ್ಣ ಹೋದ ಅಲ್ಯೂಮಿನಿಯಂ ಸೈಕಲ್ಲುಗಳೂ ನಿಂತಿದ್ದವು. ಅಂಗಿಯ ಬೆನ್ನಿಗೆ ನಂಬರಿನ ಚೀಟಿಯನ್ನು ತಾನೇ ಚುಚ್ಚಿಕೊಳ್ಳಲು ಆಗುವುದಿಲ್ಲ, ಪಕ್ಕದವನು ಚುಚ್ಚಿಕೊಡಬೇಕು. ಗುರುತಿಲ್ಲದ ಒಬ್ಬರು ನಾಲ್ಕು ಪಿನ್ನು ಬಾಯಲ್ಲಿ ಕಚ್ಚಿಕೊಂಡು ನನ್ನ ಚೀಟಿಯನ್ನು ಸುಕ್ಕಿಲ್ಲದಂತೆ ಕೂರಿಸಿದರು, ಆಮೇಲೆ ನಾನು ಅವರದನ್ನು. ಹತ್ತು ನಿಮಿಷದ ನಂತರ ನಾವಿಬ್ಬರೂ ಎದುರಾಳಿಗಳು.

ಶಿಳ್ಳೆ ಊದಿದ ಮೇಲೆ ಸ್ವಲ್ಪ ದೂರ ಕಾರಿನ ಹಿಂದೆ ಮೆಲ್ಲಗೆ ಹೋಗಬೇಕು. ಕಾರು ವೇಗ ಹೆಚ್ಚಿಸಿ ದೂರ ಸರಿದದ್ದೇ ರೇಸು ತೆರೆದುಕೊಳ್ಳುತ್ತದೆ. ಆ ಕ್ಷಣದ ಸದ್ದನ್ನು ನಾನು ಮೊದಲೆಲ್ಲೂ ಕೇಳಿರಲಿಲ್ಲ: ಅಷ್ಟೂ ಜನ ಒಟ್ಟಿಗೆ ಗೇರು ಬದಲಿಸುವ ಕಟಕಟ, ಟೈರುಗಳ ಗುಂಯ್ ಎಂಬ ಒಂದೇ ಸ್ವರ. ಮಾತು ನಿಂತುಹೋಗುತ್ತದೆ. ಮುಂದಿನವರಿಂದ ಕೂಗು ಮಾತ್ರ ಬರುತ್ತದೆ: “ಹಂಪ್!” “ಗುಂಡಿ, ಎಡಕ್ಕೆ!” “ಬಸ್ಸು ಬಂತು!” ಒಬ್ಬರಿಂದೊಬ್ಬರಿಗೆ ಆ ಕೂಗು ಹಿಂದಕ್ಕೆ ಸಾಗುತ್ತದೆ. ಕೈ ಬೆನ್ನ ಹಿಂದೆ ಹೋಗಿ ಗುಂಡಿ ಇರುವ ಬದಿ ತೋರಿಸುತ್ತದೆ. ತೋಡಿನ ನೀರು ಕಲ್ಲನ್ನು ಬಳಸಿ ಮುಂದೆ ಮತ್ತೆ ಕೂಡಿಕೊಳ್ಳುವ ಹಾಗೆ ಇಡೀ ಗುಂಪು ಗುಂಡಿಯ ಎರಡೂ ಕಡೆ ಒಡೆದು ಮತ್ತೆ ಒಂದಾಗುತ್ತದೆ.

ಇಲ್ಲೇ ಈ ಆಟದ ಒಳಗುಟ್ಟು ಇರುವುದು. ಬಯಲಿನಲ್ಲಿ ಗಂಟೆಗೆ 35 ಕಿಲೋಮೀಟರ್ ವೇಗದಲ್ಲಿ ಹೋಗುವವನ ಶಕ್ತಿಯಲ್ಲಿ ಬಹುಪಾಲು ಗಾಳಿಯನ್ನು ಸರಿಸುವುದಕ್ಕೇ ಹೋಗುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಗೆ ತೆರಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಆದರೆ ಮುಂದಿನವನ ಹಿಂದಿನ ಚಕ್ರಕ್ಕೆ ಒಂದು ಮೊಳದಷ್ಟು ಹತ್ತಿರ ಅಂಟಿಕೊಂಡು ಹೋದರೆ ಶ್ರಮದ ಕಾಲುಭಾಗಕ್ಕೂ ಹೆಚ್ಚು ಉಳಿಯುತ್ತದೆ, ದೊಡ್ಡ ಗುಂಪಿನ ನಡುವೆ ಇನ್ನೂ ಹೆಚ್ಚು. ಅಂದರೆ ನನ್ನನ್ನು ಸೋಲಿಸಲು ಬಂದವನೇ ನನಗೆ ಗಾಳಿ ತಡೆಯುತ್ತಿರುತ್ತಾನೆ. ಅವನು ದಣಿದಾಗ ಮೊಣಕೈ ಅಲುಗಿಸಿ ಸನ್ನೆ ಮಾಡಿ ಬದಿಗೆ ಸರಿಯುತ್ತಾನೆ. ಆಗ ನಾನು ಮುಂದೆ ಹೋಗಿ ಎದೆಗೊಟ್ಟು ಅವನಿಗೆ ಗಾಳಿ ತಡೆಯಬೇಕು. ಯಾವ ನಿಯಮಪುಸ್ತಕವೂ ಇದನ್ನು ಕಡ್ಡಾಯ ಮಾಡಿಲ್ಲ. ಸರದಿ ತಪ್ಪಿಸಿ ಸದಾ ಹಿಂದೆಯೇ ಕೂತಿರುವವನನ್ನು ಯಾರೂ ಹೊರಗೆ ಹಾಕುವುದಿಲ್ಲ. ಆದರೆ ಎಲ್ಲರೂ ಅವನನ್ನು ನೆನಪಿಟ್ಟುಕೊಳ್ಳುತ್ತಾರೆ, ಮುಂದಿನ ರೇಸಿನಲ್ಲಿ ಅವನಿಗೆ ಯಾರ ಚಕ್ರವೂ ಸುಲಭವಾಗಿ ಸಿಗುವುದಿಲ್ಲ.

ಇನ್ನೊಂದು ಮಾತು. ಎರಡು ಸೈಕಲ್ಲುಗಳ ಚಕ್ರ ತಾಗಿದರೆ ಬೀಳುವವನು ಹಿಂದಿನವನು. ಮುಂದಿನವನಿಗೆ ಸಣ್ಣದೊಂದು ತಳ್ಳಾಟ ಅನ್ನಿಸಬಹುದು ಅಷ್ಟೆ. ಹಿಂದಿನವನ ಮುಂಚಕ್ರ ಹೊರಳಿ ಅವನು ನೆಲಕ್ಕೆ. ಹಾಗಿರುವಾಗ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ, ಬೆನ್ನು ಮಾತ್ರ ಕಾಣುವ, ಹೆಸರೂ ಗೊತ್ತಿಲ್ಲದ ಒಬ್ಬನ ಹಿಂದಿನ ಚಕ್ರಕ್ಕೆ ಮೊಳದೂರದಲ್ಲಿ ನಮ್ಮ ಹಲ್ಲು, ಮೂಳೆ, ಮನೆಯವರ ನೆಮ್ಮದಿ ಎಲ್ಲವನ್ನೂ ಒಪ್ಪಿಸಿ ಹೋಗುವುದೆಂದರೆ ಸಣ್ಣ ವಿಷಯವಲ್ಲ. ಅವನು ಸುಮ್ಮನೆ ಬ್ರೇಕು ಹಾಕುವುದಿಲ್ಲ, ಗುಂಡಿ ಕಂಡರೆ ಹೇಳುತ್ತಾನೆ, ನೇರ ದಾರಿ ಬಿಟ್ಟು ಅತ್ತಿತ್ತ ಹೊಯ್ದಾಡುವುದಿಲ್ಲ ಎಂಬ ನಂಬಿಕೆ ಬೇಕು. ಎದುರಾಳಿಯ ಮೇಲೆ ಇಷ್ಟು ನಂಬಿಕೆ ಇಟ್ಟು ಆಡುವ ಆಟಗಳು ಹೆಚ್ಚಿಲ್ಲ.

ಏರು ಬಂದಾಗ ಲೆಕ್ಕ ಬದಲಾಗುತ್ತದೆ. ವೇಗ ಇಳಿದಂತೆ ಗಾಳಿಯ ಮಾತು ಕಡಿಮೆಯಾಗಿ ಮೈತೂಕದ ಮಾತು ಹೆಚ್ಚುತ್ತದೆ. ಯಾರ ಬೆನ್ನ ಹಿಂದೆ ಅಡಗಿದರೂ ಬೆಟ್ಟ ಪ್ರತಿಯೊಬ್ಬನಿಂದಲೂ ಬೇರೆಬೇರೆಯಾಗಿಯೇ ಸುಂಕ ವಸೂಲಿ ಮಾಡುತ್ತದೆ. ಆ ದಿನ ಎರಡನೆಯ ಸುತ್ತಿನ ಏರಿನಲ್ಲಿ ಗುಂಪು ಒಡೆಯಿತು. ಮುಂದೆ 34 ಹಲ್ಲು, ಹಿಂದೆ 32 ಹಲ್ಲಿನ ಅತಿ ಹಗುರ ಗೇರಿಗೆ ಬಂದಿದ್ದೆ. ಎದುರಿನ ಬೆನ್ನುಗಳು ಒಂದೊಂದಾಗಿ ದೂರವಾದವು. ಹತ್ತು ಮೀಟರ್ ಅಂತರ ಇಪ್ಪತ್ತಾಯಿತು, ಆಮೇಲೆ ಗುಂಪು ತಿರುವಿನಾಚೆ ಮರೆಯಾಯಿತು. ಕುಟ್ಟದ ಏರುಗಳು ಗಿಡ್ಡ. ಒಂದೇ ಉಸಿರಿನಲ್ಲಿ ಹತ್ತಿ ಮುಗಿಸುವ ಅಭ್ಯಾಸವಾದ ಕಾಲಿಗೆ ಇಷ್ಟು ಉದ್ದದ ಏರು ಹೊಸದು.

ಪತ್ರಿಕೆಯ ವರದಿ, ಟಿವಿಯ ಕ್ಯಾಮೆರಾ ಎಲ್ಲವೂ ಅಲ್ಲಿಂದ ಮುಂದಿನ ಗುಂಪಿನ ಜೊತೆ ಹೋಗುತ್ತವೆ. ಹಿಂದೆ ಉಳಿದವರ ರೇಸು ಮುಗಿಯಿತೆಂದೇ ನೋಡುವವರ ಲೆಕ್ಕ. ನಾನು ಕಂಡದ್ದು ಹಾಗಲ್ಲ. ಏರಿನ ತಲೆಯಲ್ಲಿ ಉಸಿರು ಕಟ್ಟಿ ನಿಂತಂತೆ ತುಳಿಯುತ್ತಿದ್ದಾಗ ಹಿಂದಿನಿಂದ ಒಬ್ಬ ಹುಡುಗ ಬಂದ. ಕಪ್ಪು ಮೈ, ಸಣ್ಣ ಆಳು, ಸೈಕಲ್ಲಿನ ಮೇಲೆ ಕೂತ ರೀತಿಯಲ್ಲೇ ಚಿಕ್ಕಂದಿನಿಂದ ಕಲಿತವನೆಂದು ಗೊತ್ತಾಗುತ್ತಿತ್ತು. ಪಂಚರ್ ಆಗಿ ಚಕ್ರ ಬದಲಿಸಿಕೊಂಡು ಹಿಂದೆ ಬಿದ್ದಿದ್ದನಂತೆ. ಪಕ್ಕಕ್ಕೆ ಬಂದು ಮುಖ ನೋಡಿ ಹೇಳಿದ, “ಬರ್ರಿ ಸರ, ನನ್ನ ಗಾಲಿ ಹಿಡೀರಿ. ಗಾಳಿ ನಾ ತಡೀತೀನಿ.”

ಹಿಡಿದೆ. ಇಳಿಜಾರಿನ ಬುಡದಲ್ಲಿ ಇನ್ನಿಬ್ಬರು ಸಿಕ್ಕರು. ಅವರಲ್ಲಿ ಒಬ್ಬರು ನನ್ನ ಚೀಟಿಗೆ ಪಿನ್ನು ಚುಚ್ಚಿದವರೇ. ನಾಲ್ವರೂ ಮಾತಿಲ್ಲದೆ ಒಂದು ಒಪ್ಪಂದಕ್ಕೆ ಬಂದೆವು. ಒಬ್ಬೊಬ್ಬರು ಒಂದೊಂದು ನಿಮಿಷ ಮುಂದೆ, ಆಮೇಲೆ ಬದಿಗೆ ಸರಿದು ಹಿಂದಕ್ಕೆ. ನನ್ನ ಸರದಿಯಲ್ಲಿ ತೊಡೆ ಉರಿಯುತ್ತಿತ್ತು, ಆದರೆ ಸರದಿ ಬಿಡುವ ಯೋಚನೆಯೇ ಬರಲಿಲ್ಲ, ಹಿಂದೆ ಮೂವರು ನನ್ನನ್ನು ನಂಬಿ ಬರುತ್ತಿದ್ದರಲ್ಲ. ಒಬ್ಬನೇ ಆಗಿದ್ದರೆ ಆ ಎದುರುಗಾಳಿಯಲ್ಲಿ 26–27ರ ವೇಗದಲ್ಲಿ ಹೋಗುತ್ತಿದ್ದವನು, ಆ ಮೂವರ ಜೊತೆ 35ರಲ್ಲಿ ಹೋಗುತ್ತಿದ್ದೆ. ನಮ್ಮ ಮುಂದೆ ಚದುರಿ ಹೋಗಿದ್ದ ಕೆಲವರನ್ನು ಒಬ್ಬೊಬ್ಬರಾಗಿ ಹಿಡಿದೆವು. ಬಂದವರನ್ನು ಸಾಲಿಗೆ ಸೇರಿಸಿಕೊಂಡೆವು.

ಕೊನೆಯ ಒಂದು ಕಿಲೋಮೀಟರಿನ ಬೋರ್ಡು ಕಂಡದ್ದೇ ಒಪ್ಪಂದ ಮುರಿಯಿತು, ಮುರಿಯಲೇಬೇಕು. ಅಷ್ಟು ಹೊತ್ತು ಒಬ್ಬರಿಗೊಬ್ಬರು ಗಾಳಿ ತಡೆದವರು ಈಗ ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡುತ್ತಾ ಕಾಯತೊಡಗಿದೆವು. ಮೊದಲು ಎದ್ದವನ ಬೆನ್ನು ಹಿಡಿದು ಉಳಿದವರು ಹಾಯುತ್ತಾರೆ, ಆದ್ದರಿಂದ ಮೊದಲು ಏಳಲು ಯಾರಿಗೂ ಮನಸ್ಸಿಲ್ಲ. ಎದ್ದವರು ಪಿನ್ನಿನ ಸಾಹೇಬರು. ನಾನು ಅವರ ಹಿಂದೆ. ಹುಡುಗ ಇನ್ನೂರು ಮೀಟರ್ ಇರುವಾಗ ಸೀಟಿನಿಂದ ಎದ್ದು ಬಲಗಡೆಯಿಂದ ಹಾದುಹೋದ ಪರಿ ನೋಡಲು ಚೆಂದವಿತ್ತು. ನನಗೂ ಪಿನ್ನಿನ ಸಾಹೇಬರಿಗೂ ನಡುವೆ ಗೆರೆಯ ಮೇಲೆ ಅರ್ಧ ಚಕ್ರದ ಅಂತರ, ಅವರೇ ಮುಂದೆ. ಅಷ್ಟು ಹೊತ್ತಿಗೆ ಗೆದ್ದವರು ಬಟ್ಟೆ ಬದಲಿಸಿ ಇಡ್ಲಿ ತಿನ್ನುತ್ತಿದ್ದರು. ನಮ್ಮ ಮಟ್ಟಿಗೆ ಆ ಅರ್ಧ ಚಕ್ರದ ಅಂತರ ಪೂರ್ತಿ ನಿಜವಾದದ್ದು, ಅದಕ್ಕಾಗಿ ಇಬ್ಬರೂ ಇದ್ದದ್ದೆಲ್ಲ ಸುರಿದಿದ್ದೆವು. ಪಟ್ಟಿಯ ನಡುವಿನ ಯಾವ ಸ್ಥಾನಕ್ಕಾದರೂ ಇಂಥದೊಂದು ಹೋರಾಟದ ಕಥೆ ಇರುತ್ತದೆ ಎಂಬುದು ಅಂದಿನಿಂದ ನನಗೆ ಖಚಿತವಾಯಿತು. ಹವ್ಯಾಸಿ ಕ್ರೀಡೆಯ ಹುರುಳು ಅಲ್ಲಿದೆ ಎಂದೇ ನನ್ನ ಅಭಿಪ್ರಾಯ.

ಆ ಹುಡುಗ ವಿಜಯಪುರ ಜಿಲ್ಲೆಯವನು. ಕ್ರೀಡಾನಿಲಯದಲ್ಲಿ ಬೆಳೆದು, ಈಗ ಬೆಂಗಳೂರಿನಲ್ಲಿ ಕೆಲಸ. ಊರಲ್ಲಿ ಜಾತ್ರೆಗೆ ಸಾದಾ ಸೈಕಲ್ಲಿನ ರೇಸ್ ಇಡುತ್ತಿದ್ದರಂತೆ, ಅದನ್ನು ಗೆದ್ದದ್ದೇ ಇದಕ್ಕೆಲ್ಲ ಮೂಲ ಎಂದ. “ನಿಮ್ಮ ಕಡೆ ಇಡಂಗಿಲ್ಲೇನ್ರಿ ಸರ?” ಎಂದು ಕೇಳಿದ.

ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಹವ್ಯಾಸಿಗಳ ಪಂದ್ಯ ನಡೆಸುವುದನ್ನು ಕೊಡಗಿಗೆ ಯಾರೂ ಕಲಿಸಬೇಕಿಲ್ಲ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುಮಾಡಿದಾಗ ಬಂದದ್ದು 60 ಕುಟುಂಬಗಳು. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360 ಕುಟುಂಬಗಳು ಬಂದವು. ವರ್ಷಕ್ಕೊಂದು ಕುಟುಂಬ ಆತಿಥ್ಯ ವಹಿಸುತ್ತದೆ, ಒಂದೇ ಮನೆತನದ ತಂಡದಲ್ಲಿ ಭಾರತಕ್ಕೆ ಆಡಿದವನೂ ಶಾಲೆಗೆ ಹೋಗುವ ಹುಡುಗಿಯೂ ತಲೆ ನರೆತ ಅಜ್ಜನೂ ಇರಬಹುದು. ಮೊದಲ ಸುತ್ತಿನಲ್ಲೇ ಸೋಲುವುದು ಖಚಿತ ಎಂದು ಗೊತ್ತಿದ್ದೂ ಮುಂಬಯಿ, ದುಬೈಗಳಿಂದ ರಜೆ ಹಾಕಿ ಬಂದು ಆಡುತ್ತಾರೆ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಬಂದರೆ ಊರೂರಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ, ಓಟ, ಹಗ್ಗಜಗ್ಗಾಟ. ಗೋಣಿಕೊಪ್ಪ, ವಿರಾಜಪೇಟೆ ಕಡೆಯ ತೋಟದ ಮಣ್ಣುದಾರಿಗಳಲ್ಲಿ ಕಾರು ರ‍್ಯಾಲಿಗಳೂ ನಡೆದಿವೆ. ಎಂಜಿನ್ನಿಗೆ ದಾರಿ ಕೊಟ್ಟ ನೆಲ ಕಾಲಿಗೆ ಕೊಡದೆ ಇದ್ದೀತೇ?

ನನ್ನ ಮನಸ್ಸಿನಲ್ಲಿರುವ ರೇಸು ಹೀಗಿದೆ. ಗೋಣಿಕೊಪ್ಪದಲ್ಲಿ ಹೊರಟು ಪೊನ್ನಂಪೇಟೆ, ಹುದಿಕೇರಿ, ಶ್ರೀಮಂಗಲ ಹಾದು ಕುಟ್ಟಕ್ಕೆ ಬರಬೇಕು. ಸುಮಾರು 30 ಕಿಲೋಮೀಟರ್. ಬಲಿಷ್ಠರು ಕುಟ್ಟದಲ್ಲಿ ತಿರುಗಿ ಶ್ರೀಮಂಗಲ ಮುಟ್ಟಿ ಮತ್ತೆ ಕುಟ್ಟಕ್ಕೆ ಬಂದು ಮುಗಿಸಲಿ, ನಮ್ಮ ಊರಿನವರಿಗೆ ಎರಡು ಸಲ ನೋಡಲು ಸಿಕ್ಕೀತು. ಸಮಯ ಯಾವುದೆಂದರೆ, ಗೋಣಿಕೊಪ್ಪದ ದಸರಾ, ತುಲಾ ಸಂಕ್ರಮಣ ಎರಡೂ ಕಳೆದು ಪುತ್ತರಿ ಹಬ್ಬ ಬರುವ ಮುನ್ನ. ಮಳೆ ಹಿಂದೆಗೆದಿರುತ್ತದೆ, ರೊಬಸ್ಟಾ ಕೊಯ್ಲು ಹತ್ತಿರಕ್ಕೆ ಬಂದಿರುವುದಿಲ್ಲ, ಆಳುಕಾಳು ತುಂಬಿದ ಜೀಪುಗಳ ಓಡಾಟವೂ ಕಡಿಮೆ. ಹೊರಡುವುದು ನಸುಕಿನಲ್ಲಿ ಬೇಡ. ರಾತ್ರಿ ತೋಟಕ್ಕೆ ಇಳಿದ ಆನೆಗಳು ಕಾಡಿಗೆ ಮರಳುವ ಹೊತ್ತು ಅದು, ಅವುಗಳಿಗೆ ಅವಸರ ಮಾಡುವ ಹಕ್ಕು ನಮಗಿಲ್ಲ. ಬಿಸಿಲು ಬಿದ್ದ ಮೇಲೆ ಹೊರಟರೂ ಎರಡು ಗಂಟೆಯಲ್ಲಿ ಮುಗಿಯುವ ಕೆಲಸ. ಅರಣ್ಯ ಇಲಾಖೆಯವರಿಗೆ ಮೊದಲೇ ತಿಳಿಸಿ, ಹಿಂದಿನ ದಿನ ಆನೆ ಕಂಡ ಜಾಗಗಳನ್ನು ಕೇಳಿಕೊಂಡು ಹೊರಡಬೇಕು. ಎರಡು ಗಂಟೆ ರಸ್ತೆ ಬಿಟ್ಟುಕೊಡಲು ಪೊಲೀಸರು ಒಪ್ಪಬೇಕು, ಆಂಬುಲೆನ್ಸ್ ಇರಲೇಬೇಕು, ಹೆಲ್ಮೆಟ್ ಇಲ್ಲದವನನ್ನು ಗೆರೆಯ ಹತ್ತಿರಕ್ಕೂ ಬಿಡಬಾರದು. ಈ ಮೂರರಲ್ಲಿ ಒಂದು ಇಲ್ಲವಾದರೂ ರೇಸು ಬೇಡ.

ಇನ್ನೊಂದು ವಿಭಾಗ ಇರಲೇಬೇಕು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅದು. ಶ್ರೀಮಂಗಲದಿಂದ ಕುಟ್ಟಕ್ಕೆ, ಗೇರಿಲ್ಲದ ಸಾದಾ ಸೈಕಲ್ಲಿನಲ್ಲಿ, ಶಾಲೆಯ ಮಕ್ಕಳಿಗೆ. 2006–07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದ ಮೇಲೆ ಎಷ್ಟೋ ಮನೆಗಳಿಗೆ ಮೊದಲ ಸೈಕಲ್ ಬಂದದ್ದು ಹಾಗೆಯೇ. ಹಾಡಿಯ ಮಕ್ಕಳೂ ಲೈನ್‌ಮನೆಯ ಮಕ್ಕಳೂ ತೋಟದ ಯಜಮಾನರ ಮಕ್ಕಳೂ ಒಂದೇ ಗೆರೆಯಿಂದ ಹೊರಡಲಿ. ಲಕ್ಷದ ಸೈಕಲ್ಲಿನವನಿಗೂ ತುಕ್ಕು ಹಿಡಿದ ಮಡ್‌ಗಾರ್ಡಿನವನಿಗೂ ಗಾಳಿ ಕೇಳುವ ಸುಂಕ ಒಂದೇ. ಮುಂದಿನವನ ಚಕ್ರ ಹಿಡಿಯುವುದನ್ನು, ತನ್ನ ಸರದಿಯಲ್ಲಿ ಮುಂದೆ ಹೋಗುವುದನ್ನು ಮಕ್ಕಳಿಗೆ ಹಿಂದಿನ ಭಾನುವಾರ ಒಂದು ಗಂಟೆ ಹೇಳಿಕೊಟ್ಟರೆ ಸಾಕು, ಉಳಿದದ್ದನ್ನು ರಸ್ತೆ ಕಲಿಸುತ್ತದೆ.

ಪೊನ್ನಂಪೇಟೆ ತಾಲ್ಲೂಕಿನ ಕ್ರೀಡಾ ಸಂಘಗಳವರೇ, ಶಾಲೆಗಳ ಪಿ.ಟಿ. ಮೇಷ್ಟ್ರುಗಳೇ, ಹಾಕಿ ಹಬ್ಬಕ್ಕೆ ಗ್ಯಾಲರಿ ಕಟ್ಟಿ ಅನುಭವವಿರುವ ಅಣ್ಣಂದಿರೇ, ಅಕ್ಕಂದಿರೇ, ಇದನ್ನು ಓದಿದವರಲ್ಲಿ ಒಬ್ಬರಾದರೂ ಮುಂದೆ ಬನ್ನಿ. ದೊಡ್ಡ ಬಹುಮಾನ ಬೇಡ, ಟೀ ಶರ್ಟು ಬೇಡ, ವೇದಿಕೆಯ ಮೇಲೆ ಭಾಷಣವೂ ಬೇಡ. ಗೋಣಿಕೊಪ್ಪದಲ್ಲಿ ಒಂದು ಗೆರೆ, ಕುಟ್ಟದಲ್ಲಿ ಒಂದು ಗೆರೆ, ನಡುವೆ ಎರಡು ಗಂಟೆ ವಾಹನವಿಲ್ಲದ ರಸ್ತೆ. ಮೊದಲ ವರ್ಷ ಹತ್ತೇ ಜನ ಬಂದರೂ ನಡೆಸಿ.